ಮೂರನೇ ಮಹಡಿಯ ಕರೆಂಟು, ನೆಲಮಹಡಿಯ ನಡಿಗೆ

ಆಸ್ಪತ್ರೆಯ ಆಡಳಿತಾಧಿಕಾರಿಗಳೇ,

‘ಮಾನ್ಯರೇ’ ಎಂದು ಶುರು ಮಾಡುವುದು ವಾಡಿಕೆ. ಹಾಗೆಂದೇ ಓದಿಕೊಳ್ಳಿ, ನನ್ನ ಅಭ್ಯಂತರವಿಲ್ಲ. ವಿಷಯ ಇಷ್ಟು. ನನ್ನ ಅಣ್ಣನಿಗೆ ಪಾರ್ಕಿನ್ಸನ್ ಕಾಯಿಲೆ. ಅವನ ನಡಿಗೆಗೆಂದು ನಿಮ್ಮ ಆಸ್ಪತ್ರೆಯಲ್ಲಿ ಒಂದು ಚಿಕಿತ್ಸೆ ನಡೆಯುತ್ತಿತ್ತು. ಕಿವಿಯ ಬಳಿ ಹಾದುಹೋಗುವ ಒಂದು ನರಕ್ಕೆ ಪುಟ್ಟ ಯಂತ್ರದಿಂದ ಸಣ್ಣಗೆ ಕರೆಂಟು ಕೊಡುತ್ತಾ, ಅದೇ ಹೊತ್ತಿನಲ್ಲಿ ನಡಿಗೆಯ ವ್ಯಾಯಾಮ ಮಾಡಿಸುವ ಚಿಕಿತ್ಸೆ. ನೀವು ಕರೆಂಟನ್ನು ಮೂರನೇ ಮಹಡಿಗೆ ಹತ್ತಿಸಿದಿರಿ. ನಡಿಗೆಯನ್ನು ನೆಲಮಹಡಿಯಲ್ಲೇ ಬಿಟ್ಟಿರಿ. ಈಗ ನನ್ನಣ್ಣ ಮೇಲೆ ಕುರ್ಚಿಯಲ್ಲಿ ಕೂತು ಕರೆಂಟು ತೆಗೆದುಕೊಳ್ಳುತ್ತಾನೆ. ಆಮೇಲೆ ವೀಲ್‌ಚೇರಿನಲ್ಲಿ ಕೂತು ಕೆಳಗೆ ಬರುತ್ತಾನೆ. ಕೆಳಗೆ ಬಂದು ಎದ್ದು ನಿಂತು ನಡೆಯಲು ನೋಡುತ್ತಾನೆ, ಆಗುವುದಿಲ್ಲ. ಅದನ್ನು ಕಂಡು ನೀವು ‘ಜೋಡಿ ಚಿಕಿತ್ಸೆಯಿಂದ ಪ್ರಯೋಜನ ಕಂಡುಬಂದಿಲ್ಲ’ ಎಂದು ವರದಿ ಬರೆದಿದ್ದೀರಿ. ತಿಂಗಳ ಕೊನೆಗೆ ಇಡೀ ಚಿಕಿತ್ಸೆಯನ್ನೇ ನಿಲ್ಲಿಸುವುದಾಗಿ ಸೂಚನಾ ಫಲಕಕ್ಕೆ ಅಂಟಿಸಿದ್ದೀರಿ. ಜೋಡಿಯನ್ನು ಬೇರೆ ಮಾಡಿದವರೂ ನೀವೇ, ಜೋಡಿ ಫಲ ಕೊಡಲಿಲ್ಲವೆಂದು ಷರಾ ಬರೆದವರೂ ನೀವೇ. ಕೆಲಸ ಉಳಿತಾಯವಾಗಿದೆ, ಒಪ್ಪುತ್ತೇನೆ.

ಇದನ್ನು ಊರೆಲ್ಲ ಓದುವ ಹಾಗೆ ಯಾಕೆ ಬರೆಯುತ್ತಿದ್ದೇನೆ ಎಂದರೆ, ನೀವೊಬ್ಬರೇ ಓದುವ ಹಾಗೆ ಬರೆದಿದ್ದೆಲ್ಲ ‘ಪರಿಶೀಲನೆಯಲ್ಲಿದೆ’. ಯಾರು ಪರಿಶೀಲಿಸುತ್ತಿದ್ದಾರೆ, ಎಲ್ಲಿ ಕೂತು, ಯಾವ ಕನ್ನಡಕ ಹಾಕಿಕೊಂಡು, ಗೊತ್ತಿಲ್ಲ. ಈ ಪತ್ರದಲ್ಲಿ ಸಿಟ್ಟು ಕಡಿಮೆ ಅನ್ನಿಸಿದರೆ ಅದನ್ನು ಸೌಜನ್ಯ ಎಂದುಕೊಳ್ಳಬೇಡಿ. ಸಿಟ್ಟು ಮಾಡಿಕೊಳ್ಳಲು ಒಂದು ಚೈತನ್ಯ ಬೇಕು. ಭಾರದ ಹಗ್ಗವನ್ನು ತುಂಬಾ ಹೊತ್ತು ಹೆಗಲಿಗೆ ಹಾಕಿಕೊಂಡರೆ ಮೊದಲು ಉರಿಯುತ್ತದೆ, ಆಮೇಲೆ ನೋಯುತ್ತದೆ, ಆಮೇಲೆ ಹೆಗಲು ಮರಗಟ್ಟಿ ಏನೂ ಗೊತ್ತಾಗುವುದಿಲ್ಲ. ನಾನು ಈಗ ಆ ಮೂರನೆಯದರಲ್ಲಿದ್ದೇನೆ.

ಹಗ್ಗದ ಮಾತು ಬಂತು, ನಮ್ಮ ಕಸುಬನ್ನೂ ಹೇಳಿಬಿಡುತ್ತೇನೆ. ನಾವಿಬ್ಬರೂ ಮನೆ ಸಾಮಾನು ಸಾಗಿಸುವವರು. ಜನ ಮನೆ ಬದಲಿಸುವಾಗ ಬೀರು, ಮಂಚ, ಫ್ರಿಜ್ಜು, ಯಾರೂ ಓದದ ಪುಸ್ತಕದ ಕಪಾಟು, ಎಲ್ಲವನ್ನೂ ಒಂದು ಮೆಟ್ಟಿಲಿನಿಂದ ಇಳಿಸಿ ಇನ್ನೊಂದು ಮೆಟ್ಟಿಲಿಗೆ ಹತ್ತಿಸುವುದು. ಸಾಮಾನು ಹೊರುವವನಿಗೆ ಪತ್ರ ಬರೆಯಲು ಬರುತ್ತದೆಯೇ ಎಂದು ಹುಬ್ಬೇರಿಸಬೇಡಿ. ಆ ಯಾರೂ ಓದದ ಪುಸ್ತಕಗಳನ್ನು ಲಾರಿಯ ಹಿಂದೆ ಕೂತು ಓದಿದವನು ನಾನು. ಅಣ್ಣ ಬೈಯುತ್ತಿದ್ದ, “ಲೋ, ಹೊರೋದಕ್ಕೆ ದುಡ್ಡು ಕೊಟ್ಟಿದಾರೆ ಕಣೋ, ಓದೋದಕ್ಕಲ್ಲ.”

ದೊಡ್ಡ ಸಾಮಾನನ್ನು ಇಬ್ಬರು ಹಿಡಿಯುತ್ತಾರೆ ಎಂಬುದು ನಿಮಗೂ ಗೊತ್ತಿರಬಹುದು. ಗೊತ್ತಿಲ್ಲದ್ದು ಇದು: ಇಬ್ಬರಲ್ಲಿ ಮುಂದಿನ ತುದಿ ಹಿಡಿದವನು ಹಿಂದಕ್ಕೆ ನಡೆಯುತ್ತಾನೆ. ಅವನಿಗೆ ಬೀರಿನ ಮೈ ಬಿಟ್ಟರೆ ಏನೂ ಕಾಣುವುದಿಲ್ಲ. ಹಿಂದಿನ ತುದಿ ಹಿಡಿದವನೇ ಅವನ ಕಣ್ಣು. ನಾನು ಯಾವಾಗಲೂ ಮುಂದಿನ ತುದಿ, ಅಣ್ಣ ಹಿಂದಿನದು. “ಬಾ… ಬಾ… ಹೊಸ್ತಿಲು, ಕಾಲೆತ್ತು… ಎಡಕ್ಕೆ… ತಲೆ ಬಗ್ಗಿಸು… ಬಾ” ಎಂದು ಅವನು ಹೇಳುತ್ತಾ ಬರುತ್ತಿದ್ದ. ನಾನು ಎಷ್ಟು ಮನೆಗಳೊಳಗೆ ಬೆನ್ನು ಮುಂದು ಮಾಡಿಕೊಂಡು ಹೋಗಿದ್ದೇನೆಂದು ನನಗೇ ಲೆಕ್ಕವಿಲ್ಲ. ಒಂದು ದಿನವೂ ತಿರುಗಿ ನೋಡಿದವನಲ್ಲ. ತಿರುಗಿ ನೋಡಿದರೆ ಅಣ್ಣನಿಗೆ ಅವಮಾನ.

ಕಾಯಿಲೆ ಶುರುವಾಗಿದ್ದು ಕೈ ನಡುಕದಿಂದಲ್ಲ, ಆ ಕೂಗಿನಿಂದ. ಅಣ್ಣನ ದನಿ ಸಣ್ಣಗಾಗುತ್ತಾ ಬಂತು. ಒಂದು ದಿನ ಗಾಜಿನ ಬಾಗಿಲಿನ ಬೀರು ಹಿಡಿದು ಹಿಂದಕ್ಕೆ ಹೋಗುತ್ತಿದ್ದವನು ಚೌಕಟ್ಟಿಗೆ ಭುಜ ಬಡಿಸಿಕೊಂಡೆ, ಗಾಜು ಪುಡಿಯಾಯಿತು. “ಹೇಳೋಕೇನಾಗಿತ್ತಣ್ಣ ನಿಂಗೆ?” ಎಂದು ರೇಗಿದೆ. “ಹೇಳಿದ್ನಲ್ಲೋ” ಅಂದ. ಹೇಳಿದ್ದ, ಪಾಪ. ಅವನ ಕಿವಿಗೆ ಅದು ಮೊದಲಿನಷ್ಟೇ ಜೋರಾಗಿ ಕೇಳಿತ್ತು. ಆಮೇಲೆ ಕಾಲು. ನಡೆದು ಬರುತ್ತಿರುತ್ತಾನೆ, ಬಾಗಿಲು ಬಂತೆಂದರೆ ಪಾದಗಳು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡುತ್ತಾನೆ. ಮೈ ಮುಂದಕ್ಕೆ ಬಾಗುತ್ತದೆ, ಕಾಲು ಬರುವುದಿಲ್ಲ. ಬಯಲಲ್ಲಿ ಬರುವ ಕಾಲು ಬಾಗಿಲಲ್ಲಿ ಯಾಕೆ ಬರುವುದಿಲ್ಲ ಎಂದರೆ, ಈ ಕಾಯಿಲೆಯ ಗುಣವೇ ಹಾಗಂತೆ. ಜೀವಮಾನವಿಡೀ ಬಾಗಿಲು ದಾಟಿಸುವುದನ್ನೇ ಕಸುಬು ಮಾಡಿಕೊಂಡವನಿಗೆ ಬಾಗಿಲೇ ಶತ್ರುವಾಯಿತು.

ಕಸುಬು ಬಿಟ್ಟ. ಅದಕ್ಕೆ ಅವನು ಅಷ್ಟು ಕೊರಗಲಿಲ್ಲ. ಕೊರಗಿದ್ದು ಮನೆಯ ಬಚ್ಚಲ ಬಾಗಿಲಿಗೆ. ಅಲ್ಲಿ ಹೋಗಿ ನಿಂತುಬಿಡುತ್ತಿದ್ದ. ಒಳಗೆ ಹೋಗಲೂ ಆಗದು, ಹಿಂದೆ ಬರಲೂ ಆಗದು. ಅತ್ತಿಗೆ ಬಂದು ಕೈ ಹಿಡಿದು ದಾಟಿಸಬೇಕು, ಒಳಗೆ ಕೂರಿಸಬೇಕು, ಬಾಗಿಲು ತೆರೆದೇ ಇರಬೇಕು. ಎಷ್ಟೋ ಸಲ ಅತ್ತಿಗೆ ಬರುವಷ್ಟರಲ್ಲಿ ತಡವಾಗಿರುತ್ತಿತ್ತು. ಅವರು ಒಂದು ಮಾತೂ ಆಡದೆ ನೆಲ ಒರೆಸುತ್ತಿದ್ದರು. ಅವರು ಮಾತಾಡದೇ ಇದ್ದದ್ದೇ ಅಣ್ಣನಿಗೆ ಇನ್ನೂ ಕಷ್ಟವಾಗುತ್ತಿತ್ತು. ನಿಮ್ಮ ಆಸ್ಪತ್ರೆಗೆ ಮೊದಲ ದಿನ ಹೋದಾಗ ಡಾಕ್ಟರು “ನಿಮಗೆ ಏನಾದರೆ ಸಾಕು ಅನ್ಸುತ್ತೆ?” ಎಂದು ಕೇಳಿದರು. ಅಣ್ಣ ಹೇಳಿದ, “ಬಚ್ಚಲಿಗೆ ನಾನೇ ಹೋಗ್ಬೇಕು. ಬಾಗಿಲು ಹಾಕ್ಕೋಬೇಕು.” ದೊಡ್ಡವರೇ, ಈ ಇಡೀ ಪತ್ರ ಆ ಒಂದು ಬಾಗಿಲಿಗಾಗಿ. ಅದಕ್ಕಿಂತ ದೊಡ್ಡದೇನನ್ನೂ ನಾವು ಕೇಳುತ್ತಿಲ್ಲ.

ನಿಮ್ಮ ನೆಲಮಹಡಿಯ ವ್ಯಾಯಾಮದ ಹಾಲಿನಲ್ಲಿ ಒಬ್ಬರು ಫಿಸಿಯೋ ಮೇಡಂ ಇದ್ದಾರೆ. ಈ ಜೋಡಿ ಚಿಕಿತ್ಸೆಯ ಪ್ರಯೋಗ ನಡೆಸುತ್ತಿದ್ದವರು ಅವರೇ. ಅಣ್ಣನ ಕಿವಿಗೆ ಒಂದು ಕ್ಲಿಪ್ಪು, ಅದರಿಂದ ಇಳಿಯುವ ಒಂದು ತಂತಿ, ಅಂಗಿಯ ಜೇಬಿನಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಯಂತ್ರ. “ಇರುವೆ ಕಚ್ಚಿದ ಹಂಗಾಗತ್ತೆ ಅಷ್ಟೆ” ಅಂದರು ಮೇಡಂ. “ನಮ್ಮ ಸಾಮಾನಲ್ಲಿ ಚೇಳೇ ಇರ್ತಿತ್ತು, ಕೊಡಿ ಮೇಡಂ” ಅಂದ ಅಣ್ಣ. ಕರೆಂಟು ಕೊಟ್ಟರೆ ಕಾಲು ತಾನೇ ನಡೆಯುತ್ತದಾ ಎಂದು ನಾನು ಕೇಳಿದೆ. ಅವರು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. “ಇಲ್ಲ. ಕರೆಂಟು ನಡಿಗೆ ಕಲಿಸಲ್ಲ. ಅದು ಮೆದುಳಿಗೆ ‘ಈಗ ಗಮನ ಕೊಡು, ಇದನ್ನ ಕಲಿ’ ಅನ್ನತ್ತೆ. ಆ ಹೊತ್ತಲ್ಲಿ ನಡೀತಾ ಇದ್ರೆ ನಡಿಗೆ ಕಲಿಯತ್ತೆ. ಸುಮ್ನೆ ಕೂತಿದ್ರೆ ಕೂರೋದನ್ನೇ ಕಲಿಯತ್ತೆ.” ಇದು ಎಲ್ಲರಿಗೂ ಫಲಿಸುತ್ತದೆಂದು ಅವರು ಹೇಳಲಿಲ್ಲ. ಇನ್ನೂ ಪರೀಕ್ಷೆಯ ಹಂತದಲ್ಲಿದೆ, ನೋಡೋಣ ಅಂದರು. ನಾನೂ ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ನನಗೆ ಗೊತ್ತಿರುವುದು ಒಬ್ಬನೇ ಒಬ್ಬ ರೋಗಿ.

ಮೊದಮೊದಲು ಅಣ್ಣ ಹಾಲಿನಲ್ಲಿ ಚೆನ್ನಾಗೇ ನಡೆಯುತ್ತಿದ್ದ. ಅಭ್ಯಾಸಕ್ಕೆಂದು ನಿಲ್ಲಿಸಿದ್ದ ಮರದ ಬಾಗಿಲು ಬಂದರೆ ಮತ್ತೆ ಅದೇ ಕಥೆ. ಮೇಡಂ ನೆಲಕ್ಕೆ ಬಣ್ಣದ ಪಟ್ಟಿ ಅಂಟಿಸಿದರು, ಚಪ್ಪಾಳೆ ತಟ್ಟಿದರು, ಹಾಡು ಹಾಕಿದರು. ಒಂದು ದಿನ ಅಣ್ಣ ಬೇಸತ್ತು ಹೇಳಿದ, “ಮೇಡಂ, ಬರಿಗೈಲಿ ನಡೆದು ನಂಗೆ ಅಭ್ಯಾಸ ಇಲ್ಲ. ಕೈಗೇನಾದ್ರೂ ಕೊಡಿ.” ಅವರು ಮೂಲೆಯಲ್ಲಿದ್ದ ಒಂದು ಖಾಲಿ ರಟ್ಟಿನ ಪೆಟ್ಟಿಗೆ ತಂದರು. ನಾನು ಎಂದಿನಂತೆ ಮುಂದಿನ ತುದಿ ಹಿಡಿದು ಹಿಂದಕ್ಕೆ ನಡೆದೆ. ಅಣ್ಣ ಹಿಂದಿನ ತುದಿ. ಬಾಗಿಲು ಬಂತು. “ಬಾ… ಹೊಸ್ತಿಲು, ಕಾಲೆತ್ತು… ಬಾ” ಅಂದ. ದಾಟಿಬಿಟ್ಟೆವು. ದಾಟಿದ ಮೇಲೆ ಅವನಿಗೇ ಗೊತ್ತಾಗಿ ನಕ್ಕ. ಆಮೇಲೆ ತಕರಾರು ತೆಗೆದ, “ಖಾಲಿ ಡಬ್ಬ ಹೊರೋಕೆ ನಾನೇನು ನಾಟಕದೋನಾ? ಏನಾದ್ರೂ ತುಂಬ್ಸಿ.” ಮೇಡಂ, ಬೀಳದಿರಲೆಂದು ಅಣ್ಣನ ಸೊಂಟಕ್ಕೆ ಕಟ್ಟಿದ್ದ ಬೆಲ್ಟನ್ನು ಹಿಂದಿನಿಂದ ಹಿಡಿದುಕೊಂಡೇ ನಕ್ಕು, ಎರಡು ಹಳೆಯ ಪುಸ್ತಕ ಹಾಕಿಕೊಟ್ಟರು.

ಹೀಗೆ ವಾರಗಳು ಕಳೆದವು. ಮನೆಯಲ್ಲೂ ಬದಲಾಯಿತು. ಅಲ್ಲಿ ಯಂತ್ರವಿಲ್ಲ, ಆದರೂ ಕಾಲು ಕಲಿತದ್ದನ್ನು ಪೂರ್ತಿ ಮರೆಯುತ್ತಿರಲಿಲ್ಲ. ಒಂದು ಪ್ಲಾಸ್ಟಿಕ್ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ತನಗೆ ತಾನೇ “ಬಾ… ಬಾ” ಅಂದುಕೊಂಡು ಬಚ್ಚಲ ಬಾಗಿಲು ದಾಟಿ, ಒಳಗಿನಿಂದ ಚಿಲಕ ಹಾಕಿಕೊಂಡ. ಅತ್ತಿಗೆ ಹೊರಗೆ ನಿಂತು ಚಿಲಕದ ಸದ್ದು ಕೇಳಿದರು. ನನ್ನ ಕಡೆ ತಿರುಗಿ, “ಹಾಕ್ಕೊಂಡ್ರು ಕಣೋ” ಅಂದರು, ಟವೆಲನ್ನು ಬಾಯಿಗೆ ಒತ್ತಿಕೊಂಡರು. ಅವತ್ತು ಅಡುಗೆ ಸೀದುಹೋಯಿತು. ಎಲ್ಲರೂ ಸೀದದ್ದನ್ನೇ ಉಂಡೆವು.

ಇಲ್ಲಿಗೆ ನಿಮ್ಮ ಪ್ರವೇಶ.

ನಿಮ್ಮ ಕಚೇರಿಯನ್ನು ಹಳೆಯ ಕೋಣೆಯಿಂದ ಹೊಸದಕ್ಕೆ ಬದಲಿಸುತ್ತಿದ್ದ ದಿನ ನಿಮಗೆ ನೆನಪಿರಬಹುದು. ನನಗಂತೂ ಇದೆ. ಕರೆಸಿದ್ದ ಕೂಲಿಯವರು ಬಂದಿರಲಿಲ್ಲ. ನೀವು ಫೋನಿನಲ್ಲಿ ಯಾರಿಗೋ ಬೈಯುತ್ತಾ ಹಾಲಿನ ಬಾಗಿಲಿಗೆ ಬಂದಿರಿ. ಮೇಡಂ ಇನ್ನೊಬ್ಬ ರೋಗಿಯನ್ನು ಮಂಚದ ಮೇಲೆ ಮಲಗಿಸಲು ಪರದೆಯಾಚೆ ಹೋಗಿದ್ದರು, ಅಣ್ಣನ ಬೆಲ್ಟನ್ನೂ ಬಿಚ್ಚಿ ಕೂರಲು ಹೇಳಿ ಹೋಗಿದ್ದರು. ಅಣ್ಣ ಕೂತಿರಲಿಲ್ಲ. ನಾವಿಬ್ಬರೂ ಪೆಟ್ಟಿಗೆಯ ಎರಡು ತುದಿ ಹಿಡಿದು ಬಾಗಿಲ ಬಳಿ ನಿಂತಿದ್ದೆವು. ನೀವು ನೋಡಿದಿರಿ. ಇಬ್ಬರು ಗಂಡಸರು, ಮಾಸಿದ ಅಂಗಿ, ಕೈಯಲ್ಲೊಂದು ಪೆಟ್ಟಿಗೆ. “ಏಯ್, ಅದು ಆಮೇಲೆ. ಮೊದ್ಲು ಬನ್ರಿ ಇಲ್ಲಿ, ಈ ಟೇಬಲ್ ಎತ್ಕೊಳ್ಳಿ” ಅಂದಿರಿ.

ಬೇರೆ ಯಾರೇ ಆಗಿದ್ದರೂ ‘ಸಾರ್, ಇವರು ರೋಗಿ’ ಅನ್ನುತ್ತಿದ್ದರು. ಹಾಗನ್ನದೆ ಸಾಮಾನಿಗೆ ಕೈ ಹಾಕುವ ತಪ್ಪು ಮಾಡಲು ನಮ್ಮಂಥವರೇ ಬೇಕು. ನಮ್ಮ ಕಸುಬಿನಲ್ಲಿ ಯಾರಾದರೂ ಸಾಮಾನು ತೋರಿಸಿ ಎತ್ತಿ ಅಂದರೆ ಮೊದಲು ಕೈ ಹೋಗುತ್ತದೆ, ಬಾಯಿ ಆಮೇಲೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಪೆಟ್ಟಿಗೆ ಕೆಳಗಿಟ್ಟು ಕಾರಿಡಾರಿನಲ್ಲಿದ್ದ ನಿಮ್ಮ ಟೇಬಲ್ಲನ್ನು ನೋಡುತ್ತಿದ್ದ. ಉದ್ದ ಎಷ್ಟು, ಯಾವ ಬಾಗಿಲಿಗೆ ಅಡ್ಡ ಮಾಡಬೇಕು, ಯಾವ ಕಾಲು ಸಡಿಲ, ಎಲ್ಲವನ್ನೂ ಕಣ್ಣಲ್ಲೇ ಅಳೆಯುವ ಆ ನೋಟವನ್ನು ನಾನು ವರ್ಷಗಳಿಂದ ಕಂಡಿರಲಿಲ್ಲ. “ಹಿಡಿಯೋ” ಅಂದ. ಹಳೆಯ ದನಿ. ನಾನು ಹಿಡಿದೆ. ಇನ್ನೇನು ಮಾಡಲಿ, ಅಣ್ಣ ಹೇಳಿದ್ದು.

ಕಾರಿಡಾರಿನ ಬಾಗಿಲು, ನಿಮ್ಮ ಗುಮಾಸ್ತರ ಕೋಣೆಯ ಬಾಗಿಲು, ಅದರೊಳಗಿಂದ ನಿಮ್ಮ ಕೋಣೆಯ ಬಾಗಿಲು. ನಾನು ಬೆನ್ನು ಮುಂದಾಗಿ ಹೋದೆ, ತಿರುಗಿ ನೋಡಲಿಲ್ಲ. “ಬಾ… ಎಡಕ್ಕೆ ಒತ್ತು… ಬಾ.” ಒಂದು ಬಾಗಿಲಲ್ಲೂ ಅವನು ನಿಲ್ಲಲಿಲ್ಲ. ನೀವು ಪಕ್ಕದಲ್ಲೇ ಬರುತ್ತಿದ್ದಿರಿ. “ಬೇಗ ಬೇಗ, ಇನ್ನೂ ಕಪಾಟಿದೆ” ಅಂದಿರಿ. ಅಣ್ಣನ ಕಿವಿಯ ಕ್ಲಿಪ್ಪು ನೋಡಿ, “ಕೆಲಸದ ಹೊತ್ತಲ್ಲಿ ಹಾಡು ಕೇಳ್ತೀರಲ್ರೀ, ತೆಗೀರಿ ಅದನ್ನ” ಎಂದು ಗದರಿದಿರಿ. “ಹಾಡು ಬರಲ್ಲ ಸಾರ್ ಇದ್ರಲ್ಲಿ” ಅಂದ ಅಣ್ಣ. ಕಿಟಕಿಯ ಪಕ್ಕ ಇಳಿಸಿದೆವು. “ಇನ್ನೊಂಚೂರು ಈ ಕಡೆ” ಅಂದಿರಿ, ಸರಿಸಿದೆವು. ಅಣ್ಣ ಅಭ್ಯಾಸಬಲದಿಂದ ತೋಳಿನಿಂದ ಟೇಬಲ್ಲು ಒರೆಸಿ, “ಈ ಕಾಲು ಗಿಡ್ಡ ಇದೆ ಸಾರ್, ರಟ್ಟು ಮಡಿಸಿಡಿ” ಎಂದು ಸಲಹೆಯನ್ನೂ ಕೊಟ್ಟ. ಈ ಪತ್ರ ನಿಮ್ಮ ಕೈಗೆ ಬಂದರೆ ಅದನ್ನು ಇಡುವುದೂ ಆ ಟೇಬಲ್ಲಿನ ಮೇಲೆಯೇ.

ಅಷ್ಟರಲ್ಲಿ ಮೇಡಂ ಏದುಸಿರು ಬಿಡುತ್ತಾ ಓಡಿ ಬಂದರು, ಕೈಯಲ್ಲಿ ಆ ಬೆಲ್ಟು. “ಸಾರ್, ಇವರು ನನ್ನ ಪೇಷಂಟು!” ನೀವು ಅಣ್ಣನ ಕಿವಿ ನೋಡಿದಿರಿ. ಜೇಬು ನೋಡಿದಿರಿ. ಟೇಬಲ್ಲು ನೋಡಿದಿರಿ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಿರಿ: “ಯಂತ್ರ ಹಾಲಿಂದ ಆಚೆ ಹೆಂಗೆ ಬಂತು?”

ಯಂತ್ರ ಹೇಗೆ ಬಂತು! ಬಾಗಿಲಲ್ಲಿ ನಿಂತುಬಿಡುವ ಮನುಷ್ಯ ಟೇಬಲ್ಲು ಹೊತ್ತುಕೊಂಡು ನಿಮ್ಮ ಕೋಣೆಯವರೆಗೆ ಹೇಗೆ ಬಂದ ಎಂದು ನಿಮಗೆ ಕೇಳಬೇಕು ಅನ್ನಿಸಲೇ ಇಲ್ಲವೇ? ಅವನ ಕಾಲಿಗಿಂತ ಆ ಡಬ್ಬಿ ನಡೆದಾಡಿದ್ದೇ ನಿಮಗೆ ಆಶ್ಚರ್ಯವಾಯಿತೇ? ಮೂಗಿಗಿಂತ ಮೂಗುತಿ ಭಾರ ಅನ್ನುವುದನ್ನು ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ. ಡಾಕ್ಟರುಗಳು ಗಡಿಯಾರ ಹಿಡಿದು, ಪಟ್ಟಿ ಹಿಡಿದು ಅಣ್ಣನ ನಡಿಗೆ ಅಳೆಯುತ್ತಿದ್ದರು, ‘ಸ್ವಲ್ಪ ಸುಧಾರಣೆ’ ಎಂದು ಎಚ್ಚರಿಕೆಯಿಂದ ಬರೆಯುತ್ತಿದ್ದರು. ಅವನನ್ನು ಪೂರ್ತಿ ಆರೋಗ್ಯವಂತ ಎಂದು ತಿಳಿದ ಒಬ್ಬರೇ ಒಬ್ಬರು ನೀವು. ಕೂಲಿ ಎಂದುಕೊಂಡಿರಿ. ಅವನ ಪಾಲಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇರಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ, “ಬೈದ್ರು ಕಣೋ ನಂಗೆ, ಕೆಲಸದೋನಿಗೆ ಬೈದಂಗೇ ಬೈದ್ರು” ಎಂದು ಹಿಗ್ಗಿ ಹೀರೇಕಾಯಿಯಾಗಿದ್ದ.

ಆಮೇಲಿನದು ನಿಮ್ಮ ಆದೇಶ. ಯಂತ್ರ ಇನ್ನು ಮುಂದೆ ಮೂರನೇ ಮಹಡಿಯ ಉಪಕರಣ ಕೊಠಡಿಯಲ್ಲೇ ಇರತಕ್ಕದ್ದು. ರೋಗಿ ಕುಳಿತೇ ಚಿಕಿತ್ಸೆ ಪಡೆಯತಕ್ಕದ್ದು. ಬಳಿಕ ವೀಲ್‌ಚೇರಿನಲ್ಲೇ ವ್ಯಾಯಾಮಕ್ಕೆ ಕರೆದೊಯ್ಯತಕ್ಕದ್ದು. ಸಂಬಂಧಿಕರು ಹಾಲಿನೊಳಗೆ ಬರತಕ್ಕದ್ದಲ್ಲ. ಎಲ್ಲವೂ ‘ರೋಗಿಯ ಸುರಕ್ಷತೆಯ ದೃಷ್ಟಿಯಿಂದ’. ಬೆಲ್ಟಿಲ್ಲದೆ ಟೇಬಲ್ಲು ಹೊತ್ತದ್ದು ಅಪಾಯವೇ, ನಿಜ. ಅವನು ಬಿದ್ದಿದ್ದರೆ ನಾನು ನನ್ನನ್ನೇ ಕ್ಷಮಿಸಿಕೊಳ್ಳುತ್ತಿರಲಿಲ್ಲ. ಆದರೆ ಹೊರಿಸಿದವರು ಯಾರು? ಮೇಡಂಗೆ ಕಾರಣ ಕೇಳಿ ನೋಟಿಸು ಹೋಯಿತು. ಅವರು ಈಗ ನನ್ನ ಜೊತೆ ಕಾರಿಡಾರಿನಲ್ಲಿ ಮಾತಾಡಲೂ ಹೆದರುತ್ತಾರೆ. ಒಂದೇ ಸಲ ಮೆಲ್ಲಗೆ ಹೇಳಿದರು, “ಎರಡೂ ಒಟ್ಟಿಗೆ ಆಗ್ಬೇಕು ಅಂತ ಬರೆದುಕೊಟ್ಟಿದೀನಿ. ನನ್ನ ಕೈಲಿ ಅಷ್ಟೇ ಆಗೋದು.”

ಮೂರನೇ ಮಹಡಿಯ ಉಪಕರಣ ಕೊಠಡಿಯನ್ನು ನೀವು ನೋಡಿದ್ದೀರೋ ಇಲ್ಲವೋ. ಗೋಡೆಗೆ ಒತ್ತಿಟ್ಟ ಒಂದು ಕುರ್ಚಿ, ಎದುರಿಗೆ ಬೀಗ ಹಾಕಿದ ಕಬ್ಬಿಣದ ಕಪಾಟುಗಳು, ಕಪಾಟುಗಳ ಮೇಲೆ ಕೆಟ್ಟ ಫ್ಯಾನುಗಳು. ಅಲ್ಲಿ ಅಣ್ಣ ಕಿವಿಗೆ ಕ್ಲಿಪ್ಪು ಹಾಕಿಸಿಕೊಂಡು ಕಪಾಟು ನೋಡುತ್ತಾ ಕೂರುತ್ತಾನೆ. ಮುಗಿದ ಮೇಲೆ ವೀಲ್‌ಚೇರಿಗೆ ಕಾಯಬೇಕು, ವೀಲ್‌ಚೇರು ಬಂದರೆ ಲಿಫ್ಟಿಗೆ ಕಾಯಬೇಕು, ಲಿಫ್ಟು ಬಂದರೆ ಅದರಲ್ಲಿ ಊಟದ ಗಾಡಿ ಇರುತ್ತದೆ. ವ್ಯಾಯಾಮದ ಹಾಲಿಗೆ ತಲುಪುವಷ್ಟರಲ್ಲಿ ಇರುವೆ ಕಚ್ಚಿದ್ದು ಮರೆತೇಹೋಗಿರುತ್ತದೆ. ಸುಮ್ಮನೆ ಕೂತಿದ್ದರೆ ಕೂರುವುದನ್ನೇ ಕಲಿಯುತ್ತದೆ ಅಂದಿದ್ದರಲ್ಲ ಮೇಡಂ. ಕಲಿತ. ನನ್ನಣ್ಣ ಈಗ ತುಂಬಾ ಚೆನ್ನಾಗಿ ಕೂರುತ್ತಾನೆ.

ಆ ಕೊಠಡಿಯ ಗುಮಾಸ್ತರನ್ನು ಕೇಳಿದೆ. ಕೆಟ್ಟವರಲ್ಲ, ಚಹಾ ಕೂಡ ಕೊಟ್ಟರು. “ಕರೆಂಟೂ ಕೊಡ್ತಿದೀವಿ, ವ್ಯಾಯಾಮಾನೂ ಆಗ್ತಿದೆ. ಎರಡೂ ಆಯ್ತಲ್ಲ, ಇನ್ನೇನ್ರಿ ನಿಮ್ದು?” ಅಂದರು. ನಾನು ಕೇಳಿದೆ, “ಸಾರ್, ಒಂದು ಬೀರು ಇದೆ. ಅದರ ಈ ತುದೀನ ಬೆಳಿಗ್ಗೆ ಒಬ್ಬ ಬಂದು ಎತ್ತಿ ಇಳಿಸ್ದ. ಆ ತುದೀನ ಸಾಯಂಕಾಲ ಇನ್ನೊಬ್ಬ ಬಂದು ಎತ್ತಿ ಇಳಿಸ್ದ. ಎರಡು ತುದೀನೂ ಎತ್ತಿದ್ದಾಯ್ತು. ಬೀರು ಮನೆ ಬದಲಾಯಿಸ್ತಾ?” ಅವರು ನನ್ನ ಚಹಾದ ಲೋಟ ತೆಗೆದಿಡುತ್ತಾ, “ತಾಳಿದವನು ಬಾಳಿಯಾನು ಅಂತಾರೆ, ನೋಡೋಣ ಇರಿ” ಅಂದರು. ತಾಳುವುದರಲ್ಲಿ ನಮಗೆ ತಕರಾರಿಲ್ಲ. ಅಣ್ಣನ ಕಾಲಿಗೆ ಅಷ್ಟು ತಾಳ್ಮೆಯಿಲ್ಲ.

ನಿಮ್ಮನ್ನೂ ಕಂಡೆ. ನೀವು ನನ್ನನ್ನು ಗುರುತಿಸಲಿಲ್ಲ, ಕೈಯಲ್ಲಿ ಸಾಮಾನಿರಲಿಲ್ಲವಲ್ಲ. ನೀವು ಹೇಳಿದ್ದು: ಎರಡೂ ಸೇವೆಗಳನ್ನು ನಿಗದಿಯಂತೆ ಒದಗಿಸಲಾಗಿದೆ, ನಡಿಗೆಯಲ್ಲಿ ಹಿನ್ನಡೆ ಕಂಡಿದೆ, ಆದ್ದರಿಂದ ಚಿಕಿತ್ಸೆ ನಿಷ್ಪ್ರಯೋಜಕ. ಇನ್ನೊಂದು ಮಾತನ್ನೂ ಹೇಳಿದಿರಿ. ಒಂದು ವೇಳೆ ಮುಂದೆ ಮತ್ತೆ ಶುರುವಾದರೂ ಅದು ನಡೆಯಬಲ್ಲ ರೋಗಿಗಳಿಗೆ ಮಾತ್ರ, ನಿಮ್ಮಣ್ಣ ಈಗ ಆ ವರ್ಗದಲ್ಲಿಲ್ಲ ಎಂದು. ಹಾಗಾದರೆ ನಡೆಯಲು ಬಾರದವನಿಗೆ ನಡಿಗೆಯ ಚಿಕಿತ್ಸೆ ಇಲ್ಲ. ನಡೆಯಬಲ್ಲವನನ್ನು ಕೂರಿಸಿ, ಕೂತವನನ್ನು ಅನರ್ಹ ಮಾಡುವ ಈ ಏರ್ಪಾಟನ್ನು ಯಾರು ಯೋಚಿಸಿದರು? ಅಷ್ಟು ಬುದ್ಧಿ ಇರುವವರಿಗೆ ಬೆಂಕಿಪೊಟ್ಟಣದಷ್ಟು ಯಂತ್ರವನ್ನು ಮೆಟ್ಟಿಲಿಳಿಸುವ ದಾರಿ ಹೊಳೆಯುವುದಿಲ್ಲವೇ? ನಾನು ಕಬ್ಬಿಣದ ತಿಜೋರಿಗಳನ್ನು ಇಳಿಸಿದವನು. ಹೇಳಿದ್ದರೆ ನಾನೇ ಇಳಿಸಿಕೊಡುತ್ತಿದ್ದೆ.

ಮನೆಯ ಸುದ್ದಿ ಹೇಳುತ್ತೇನೆ. ಪ್ಲಾಸ್ಟಿಕ್ ಬುಟ್ಟಿ ಈಗ ಕೆಲಸ ಮಾಡುವುದಿಲ್ಲ. ಹಿಡಿದುಕೊಳ್ಳುತ್ತಾನೆ, “ಬಾ” ಅನ್ನುತ್ತಾನೆ, ಬಾಯಿ ಆಡುವುದು ಕಾಣುತ್ತದೆ, ದನಿ ಕೇಳುವುದಿಲ್ಲ, ಕಾಲು ಬರುವುದಿಲ್ಲ. ಹೋದ ವಾರ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ನಿಂತ. ನಾನು ಎದುರಿಗೆ ಹೋಗಿ ಬುಟ್ಟಿಯ ಇನ್ನೊಂದು ತುದಿ ಹಿಡಿದೆ, ಹಿಂದಕ್ಕೆ ಹೆಜ್ಜೆ ಇಟ್ಟೆ. ಬುಟ್ಟಿ ನನ್ನ ಕಡೆ ಬಂತು, ಅಣ್ಣ ಬರಲಿಲ್ಲ. ಹಾಗೇ ನಿಂತಿದ್ದೆವು. ಆಮೇಲೆ ಅವನು ಏನೋ ಅಂದ. ಕಿವಿಯನ್ನು ಅವನ ಬಾಯಿಯ ಹತ್ತಿರ ಒಯ್ದೆ. “ಎತ್ಬಿಡೋ” ಅಂದ.

ಎತ್ತಿದೆ. ತೋಳಲ್ಲಿ ಎತ್ತಿಕೊಂಡು ಬಾಗಿಲು ದಾಟಿಸಿ ಕೂರಿಸಿದೆ. ಭಾರವೇ ಇರಲಿಲ್ಲ. ನಾವು ಹೊತ್ತ ಕುರ್ಚಿಗಳೂ ಅವನಿಗಿಂತ ತೂಕವಿರುತ್ತಿದ್ದವು. ಅತ್ತಿಗೆ ಗೋಡೆಯ ಕಡೆ ತಿರುಗಿ ನಿಂತಿದ್ದರು. ಅಣ್ಣ ಕಣ್ಣು ಮುಚ್ಚಿಕೊಂಡಿದ್ದ. ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಸಿಟ್ಟು ಬರಬೇಕಿತ್ತು, ಅದೂ ಬರಲಿಲ್ಲ. ಹೊರಗೆ ಬಂದು ನಿಂತು, ಇವತ್ತು ಯಾರ ಮನೆಯ ಸಾಮಾನಿದೆ ಎಂದು ಯೋಚಿಸಿದೆ. ಈಗ ನನ್ನ ಜೊತೆ ದಿನಕ್ಕೊಬ್ಬ ಹೊಸಬ ಹಿಂದಿನ ತುದಿ ಹಿಡಿಯುತ್ತಾನೆ. ನಾನು ಪ್ರತಿ ಬಾಗಿಲಲ್ಲೂ ತಿರುಗಿ ನೋಡುತ್ತೇನೆ.

ಇನ್ನು ಬೇಡಿಕೆ. ಯಂತ್ರವನ್ನು ವ್ಯಾಯಾಮದ ಹಾಲಿಗೆ ಇಳಿಸಿ. ಕರೆಂಟು ಹರಿಯುತ್ತಿರುವಾಗಲೇ ರೋಗಿಗಳನ್ನು ನಡೆಸಿ, ಮೇಡಂ ಬೆಲ್ಟು ಹಿಡಿದಿರಲಿ, ಬೇಕಾದರೆ ಇಬ್ಬರು ಹಿಡಿದಿರಲಿ. ತಿಂಗಳ ಕೊನೆಗೆ ಮುಚ್ಚುವ ಮೊದಲು ನನ್ನಣ್ಣನಿಗೂ ಉಳಿದವರಿಗೂ ಹೀಗೆ ಒಂದು ಅವಕಾಶ ಕೊಟ್ಟು, ಆಮೇಲೆ ಅಳೆಯಿರಿ. ಆಗಲೂ ಪ್ರಯೋಜನ ಕಾಣದಿದ್ದರೆ ಮುಚ್ಚಿ, ನಾನು ಇನ್ನೊಂದು ಅಕ್ಷರ ಬರೆಯುವುದಿಲ್ಲ. ಇಷ್ಟೂ ಆಗದಿದ್ದರೆ ವರದಿಯಲ್ಲಿ ಒಂದು ಸಾಲು ತಿದ್ದಿ. ‘ಪ್ರಯೋಜನ ಕಂಡುಬಂದಿಲ್ಲ’ ಎಂದಿದೆಯಲ್ಲ, ಅಲ್ಲಿ ‘ನಾನು ಕಂಡಿದ್ದೆ’ ಎಂದು ಬರೆಯಿರಿ. ನೀವು ಕಂಡಿದ್ದಿರಿ ಸ್ವಾಮಿ. ಪಕ್ಕದಲ್ಲೇ ನಡೆದು ಬಂದಿರಿ. ಬೇರೆ ಯಾರ ಸಾಕ್ಷಿಯೂ ನನಗೆ ಬೇಡ.

ತಡ ಮಾಡಬೇಡಿ ಎನ್ನಲು ಒಂದು ಕಾರಣವಿದೆ. ಮತ್ತೆ ಎರಡನ್ನೂ ಒಟ್ಟಿಗೆ ಮಾಡಿಸುತ್ತೇವೆ ಬನ್ನಿ ಎಂದು ಆಸ್ಪತ್ರೆಯಿಂದ ಕರೆ ಬರಬಹುದೆಂದು ಅಣ್ಣ ದಿನಾ ಬೆಳಿಗ್ಗೆ ಶೂ ಹಾಕಿಸಿಕೊಂಡು ಕೂರುತ್ತಿದ್ದ. ಲೇಸು ಸಡಿಲವಾಗಿದ್ದರೆ “ಬಿಗಿಯಾಗಿ ಕಟ್ಟು, ನಡೀಬೇಕು” ಎಂದು ಅತ್ತಿಗೆ ಮೇಲೆ ರೇಗುತ್ತಿದ್ದ. ಸಂಜೆ ಅತ್ತಿಗೆ ಬಿಚ್ಚಿಡುತ್ತಿದ್ದರು. ಇವತ್ತು ಬೆಳಿಗ್ಗೆ ಅತ್ತಿಗೆ ಶೂ ತಂದಾಗ ಅಣ್ಣ ಪಾದವನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡ. ಮುಂದಕ್ಕೆ ಬಾರದ ಪಾದ, ಹಿಂದಕ್ಕೆ ಮಾತ್ರ ಸರಾಗವಾಗಿ ಹೋಯಿತು. “ಬೇಡ ಬಿಡು” ಅಂದ. ನಾನು ಮಂಡಿಯೂರಿ ಕೂತು ಹಾಕಿದೆ. ನಾಳೆಯೂ ಹಾಕುತ್ತೇನೆ. ಅವನು ಬೇಡವೆಂದರೂ ಹಾಕುತ್ತೇನೆ. ಎಷ್ಟು ದಿನ ಹಾಕಬೇಕೆಂಬುದನ್ನು ಮಾತ್ರ ನೀವು ಹೇಳಬೇಕು.

ಇಂತಿ,
ಒಂದು ತುದಿ ಹಿಡಿದುಕೊಂಡು ನಿಂತಿರುವವನು